ಬೇರೆ ಮನೆತನ

ಗ್ರಿಮ್ಸ್‌ಬಿ, ಜನವರಿ, ರಾತ್ರಿ ಎರಡು ಹತ್ತು.
ಹಡಗುಕಟ್ಟೆಯ ಮಂಜು ಆಸ್ಪತ್ರೆಯ ಬಾಗಿಲವರೆಗೆ ಬಂದು
ಮೀನಿನ ವಾಸನೆ ಬಿಟ್ಟು ಹೋಗಿತ್ತು.
ಸ್ಟ್ರೆಚರಿನ ಮೇಲೆ ಆರ್ಥರ್ ಬ್ಲೆಂಕಿನ್, ಅರವತ್ತೊಂಬತ್ತು,
ಕರುಳು ಗಂಟುಬಿದ್ದವನು,
ನಲವತ್ತು ವರ್ಷ ಐಸ್‌ಲ್ಯಾಂಡಿನ ನೀರಲ್ಲಿ ಬಲೆ ಎಳೆದವನು.
ಮುಂಗೈಯ ರಕ್ತನಾಳ ಹಗ್ಗದ ಹಾಗೆ.
ಸೂಜಿಗೆ ಹುಡುಕಾಟವೇ ಇಲ್ಲ.

ಎಂದಿನ ಪಾಠ ಒಪ್ಪಿಸಿದೆ:
ಮೊದಲು ನಿದ್ದೆ. ಆಮೇಲೆ ಇನ್ನೊಂದು ಮದ್ದು,
ಮೈಯ ಸ್ನಾಯುಗಳೆಲ್ಲ ಸಡಿಲವಾಗಲಿಕ್ಕೆ.
ಅಲ್ಲಿಂದ ನಿಮ್ಮ ಉಸಿರು ನನ್ನ ಕೈಯಲ್ಲಿ.
ಅವನು ಚಾವಣಿ ನೋಡುತ್ತ ಕೇಳಿದ:
"ಎಲ್ಲವೂ ಅಂದರೆ? ಹೃದಯವೂ ಸ್ನಾಯುವೇ ಅಲ್ಲವಾ, ಡಾಕ್ಟರೇ?"
"ಅದು ಬೇರೆ ಮನೆತನದ್ದು" ಎಂದೆ.
"ಹಾಗಾದರೆ ಸರಿ" ಅಂದ,
ನನಗಿಂತ ಹೆಚ್ಚು ನನ್ನನ್ನು ನಂಬಿ.

ಬೇರೆ ಮನೆತನ, ನಿಜ. ಆದರೆ ನೆಂಟಸ್ತಿಕೆ ತಪ್ಪಿದ್ದಲ್ಲ.
ಕೈಕಾಲಿಗೆಂದು ಬರೆದ ಕಾಗದವನ್ನು
ಎದೆಯೂ ಕದ್ದು ಓದುತ್ತದೆ.
ನಮ್ಮ ಹೆಪ್‌ವರ್ತ್ ಮೇಷ್ಟ್ರು
ಕುದುರೆ ದಲ್ಲಾಳಿಯ ಹಾಗೆ ಈ ಮದ್ದುಗಳ ಸುಳಿ ಎಣಿಸುತ್ತಿದ್ದರು:
ಪ್ಯಾನ್‌ಕ್ಯುರೋನಿಯಂ ಚಾಟಿ ಬೀಸುತ್ತದೆ, ನಾಡಿ ನಾಗಾಲೋಟ.
ಅಟ್ರಾಕ್ಯುರಿಯಂ ಅವಸರದಲ್ಲಿ ಕೊಟ್ಟಿರೋ,
ಎದೆ ಮೇಲೆ ಮದುವಣಗಿತ್ತಿಯ ಕೆಂಪು ಹಬ್ಬಿ
ಬಿ.ಪಿ. ಕುಸಿದು ಕೂರುತ್ತದೆ.
ವೆಕ್ಯುರೋನಿಯಂ ಸಾಧು, ಹೃದಯವನ್ನು ಮಾತಾಡಿಸುವುದೇ ಇಲ್ಲ.
ಇನ್ನು ಸಕ್ಸಾಮೆಥೋನಿಯಂ, ಒಂದು ಸಲಕ್ಕೆ ಒಳ್ಳೆಯ ಹುಡುಗ.
ಎರಡನೆಯ ಸಲ ಕರೆಯುವ ಮುನ್ನ
ಅಟ್ರೋಪಿನ್ ಕೈಗೆಟುಕುವ ಹಾಗಿರಲಿ, ಕೂಸೇ.

ನಿದ್ದೆ ಬಂತು. ಮದ್ದು ಹೋಯಿತು.
ಹುಬ್ಬಿನಿಂದ ಹೆಬ್ಬೆರಳವರೆಗೆ ಚರ್ಮದಡಿ ಮಿಸುಕಾಟ,
ಬಲೆ ಮೇಲೆದ್ದಾಗ ಒಳಗಿನ ಮೀನು ಮಿಸುಕಿದ ಹಾಗೆ.
ಆಮೇಲೆ ಏನೂ ಇಲ್ಲ.

ಮೋಟು ಕತ್ತು. ಗಡುಸು ದವಡೆ.
ನಳಿಗೆ ಒಳಗಿಳಿಯಲಿಲ್ಲ.
ಕುಲುಮೆಯ ತಿದಿಯ ಹಾಗೆ ಚೀಲ ಒತ್ತಿದೆ,
ಮೋರಿನ್ ಗಂಟಲ ಮೇಲಿಟ್ಟ ಬೆರಳು ಕದಲಿಸಲಿಲ್ಲ.
ಅಷ್ಟರಲ್ಲಿ ಮದ್ದಿನ ಅವಧಿ ಮುಗಿಯುತ್ತ ಬಂತು,
ದವಡೆ ಮತ್ತೆ ಕಚ್ಚತೊಡಗಿತು.
ಎರಡನೆಯ ಸೂಜಿ.

ನಳಿಗೆ ಇಳಿಯಿತು. ಎದೆ ಎರಡೂ ಕಡೆ ಏರಿತು.
ಉಸ್ಸೆನ್ನುವಷ್ಟರಲ್ಲಿ
ಮಾನಿಟರಿನ ಸದ್ದು ಸದ್ದಿನ ನಡುವೆ ಜಾಗ ಹುಟ್ಟಿತು.
ಎಪ್ಪತ್ತೆಂಟು. ಐವತ್ತೊಂದು.
ಮೂವತ್ತು.
ಟಿಕ್

                    ಟಿಕ್

ಆ ಬಯಲಲ್ಲಿ ಒಂದು ಮನೆ ಕಟ್ಟಿ
ಸಂಸಾರ ಹೂಡಬಹುದಿತ್ತು.

ಅಟ್ರೋಪಿನ್ ಟ್ರೇಯಲ್ಲೇ ಇತ್ತು, ತುಂಬಿಟ್ಟದ್ದು. ಒತ್ತಿದೆ.
ಆದರೆ ಮದ್ದಿಗೂ ದಾರಿ ಸವೆಯಬೇಕಲ್ಲ:
ಮುಂಗೈ, ಮೊಣಕೈ, ಕಂಕುಳು,
ಅಲ್ಲಿಂದ ಎದೆಯ ಬಾಗಿಲು.
ಹುಟ್ಟು ಹಾಕುತ್ತಿರುವವನು ಯಾರು?
ಸೋತ ಅದೇ ಹೃದಯ.
ತನ್ನ ಔಷಧಿಯನ್ನು ತಾನೇ ಹೊತ್ತು ತರಬೇಕು,
ತೂಕಡಿಸುತ್ತ, ನಿಂತು ನಿಂತು.
ನಾನು ಅವನ ತೋಳೆತ್ತಿ ಹಿಡಿದೆ,
ಮೂರ್ಖಳ ಹಾಗೆ, ಇಳಿಜಾರಿನಲ್ಲಾದರೂ ಬೇಗ ಬರಲೆಂದು.
ಮೋರಿನ್ ಕತ್ತಿನ ನಾಡಿ ಹಿಡಿದು ಬಾಯಿಬಿಟ್ಟು ಎಣಿಸಿದಳು,
ಲಿಂಕನ್‌ಶೈರಿನ ರಾಗದಲ್ಲಿ, ಮೊಟ್ಟೆ ಎಣಿಸುವವಳ ಹಾಗೆ.
ನಾಲ್ಕು. ಐದು.
ಐದಾದ ಮೇಲೆ ತುಂಬ ಹೊತ್ತು ಐದೇ.

ಆರು.
ನಲವತ್ತನಾಲ್ಕು. ಅರವತ್ತು.
ನೂರಾಎರಡು, ತಡವಾಗಿ ಬಂದ ನೆಂಟನ ಏದುಸಿರು.
ಸರ್ಜನ್ ಬಾಗಿಲು ತಳ್ಳಿ, ಒದ್ದೆ ಮೊಣಕೈ ಎತ್ತಿ, ಕೇಳಿದ:
"ಶುರುಮಾಡಬಹುದಾ?"

ಚಾರ್ಟಿನಲ್ಲಿ ಬರೆದದ್ದು ಇಷ್ಟು:
ಬಡಿತ ಇಳಿಯಿತು. ಅಟ್ರೋಪಿನ್ 0.6. ಸರಿಹೋಯಿತು.
ನನ್ನ ಎದೆಗೆ ಯಾರೂ ತಂತಿ ಅಂಟಿಸಿರಲಿಲ್ಲ.

ಬೆಳಗ್ಗೆ ಆರಕ್ಕೆ, ತಲೆ ಎತ್ತಿ ಅಂದೆ. ಎತ್ತಿದ.
ಐದು ಸೆಕೆಂಡು ಹಿಡಿಯಿರಿ ಅಂದೆ. ಹಿಡಿದ.
ಕೈ ಒತ್ತಿ ಅಂದದ್ದಕ್ಕೆ ನನ್ನ ಉಂಗುರ ಬೆರಳಿಗೆ ಕಚ್ಚಿಕೊಂಡಿತು.
ಟೀ ಕೇಳಿದ. ಸದ್ಯಕ್ಕಿಲ್ಲ ಎಂದೆ.
ಬೈದ.
ಆಮೇಲೆ ಕಣ್ಣು ಮುಚ್ಚಿಕೊಂಡೇ, ಒಣಗಿದ ನಾಲಗೆಯಲ್ಲಿ,
"ಆ ಬೇರೆ ಮನೆತನದವನು ಏನು ಮಾಡಿದ?"

"ಎದ್ದು ಹೋಗಲು ನೋಡಿದ" ಎಂದೆ.
"ಮೆಟ್ಟಿಲವರೆಗೂ ಹೋಗಿದ್ದ."